ಹೊಲಕ್ಕಿಳಿದ ವಿಮಾನದ ವರದಿ ಊರಿಗೆ ಯಾಕಿಲ್ಲ?

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ಪುಟ್ಟ ತರಬೇತಿ ವಿಮಾನವೊಂದು ಹೊನ್ನಿಹಾಳದ ಹತ್ತಿರ ಹೊಲಕ್ಕಿಳಿಯಿತು. ಒಳಗೆ ಇಬ್ಬರಿದ್ದರು, ಕಲಿಸುವವರೊಬ್ಬರು, ಕಲಿಯುವವರೊಬ್ಬರು. ಗಾಯವಾಯಿತು, ಜೀವ ಉಳಿಯಿತು. ಜುಲೈನಲ್ಲಿ ಕಲಬುರಗಿ ಜಿಲ್ಲೆಯಲ್ಲೂ ಒಂದು ತರಬೇತಿ ವಿಮಾನ ಹೊಲಕ್ಕಿಳಿಯಿತು. ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಬಾರಾಮತಿಯಲ್ಲಿ ನಾಲ್ಕೇ ದಿನದೊಳಗೆ ಎರಡು ಅಪಘಾತ. ಆಮೇಲಷ್ಟೇ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಸಾಂಬ್ರಾ ಮತ್ತು ಬಾರಾಮತಿಯ ಆ ವಿಮಾನಗಳನ್ನು ಹಾರಿಸುತ್ತಿದ್ದ ಸಂಸ್ಥೆಯ ತರಬೇತಿಯನ್ನು ತಡೆಹಿಡಿದದ್ದು. ಆರು ತಿಂಗಳಲ್ಲಿ ಐದು ಘಟನೆ ಆಗುವವರೆಗೆ ಕಾಯಬೇಕಿತ್ತೇ?

ಟಿವಿಯವರು 'ತಾಂತ್ರಿಕ ದೋಷ' ಅಂದು ಮುಂದಿನ ಸುದ್ದಿಗೆ ಹೋದರು. ನಮ್ಮ ತಕರಾರು ಆ ಎರಡು ಪದಗಳ ಮೇಲೆ. ಪಂಪ್‌ಸೆಟ್ ಕೆಟ್ಟಾಗ ಮೆಕ್ಯಾನಿಕ್ 'ತಾಂತ್ರಿಕ ದೋಷ' ಅಂದರೆ ನೀವು ದುಡ್ಡು ಕೊಡ್ತೀರಾ? ವೈಂಡಿಂಗ್ ಸುಟ್ಟಿದೆಯೋ, ಬೇರಿಂಗ್ ಹೋಗಿದೆಯೋ ಅಂತ ಕೇಳ್ತೀರಿ. ವಿಮಾನದಲ್ಲೂ ಅಷ್ಟೇ. ಪೆಟ್ರೋಲು ಸಾಲಲಿಲ್ಲವೋ, ಅದರೊಳಗೆ ನೀರು ಸೇರಿತ್ತೋ, ಸರ್ವಿಸ್ ಸರಿಯಾಗಿರಲಿಲ್ಲವೋ, ಕಲಿಯುವವರ ಕೈ ತಪ್ಪಿತೋ? ಇದನ್ನೆಲ್ಲ ಪತ್ತೆ ಹಚ್ಚಲೆಂದೇ ದೆಹಲಿಯಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೋ ಇದೆ. ಯಾರನ್ನೂ ಜೈಲಿಗೆ ಕಳಿಸುವುದು ಅದರ ಕೆಲಸವಲ್ಲ, ಇನ್ನೊಂದು ವಿಮಾನ ಹಾಗೇ ಬೀಳದಂತೆ ನೋಡಿಕೊಳ್ಳುವುದು. ಒಳ್ಳೆಯ ವ್ಯವಸ್ಥೆಯೇ. ಆದರೆ ಅದರ ವರದಿಗಳು ಇಂಗ್ಲಿಷಿನಲ್ಲಿ ವೆಬ್‌ಸೈಟಿಗೆ ಹೋಗಿ ಕೂರುತ್ತವೆ. ಮೊದಲು ಓಡಿಬಂದವರು ಊರವರು, ಬೆಳೆ ತುಳಿಸಿಕೊಂಡವರೂ ಊರವರು, ಉತ್ತರ ಮಾತ್ರ ಅವರಿಗಿಲ್ಲ.

'ನಿಮಗ್ಯಾಕ್ರೀ ಅದೆಲ್ಲ?' ಅಂತ ಕೇಳುವವರಿದ್ದಾರೆ. ಯಾಕೆಂದರೆ, ಇರುವ ಒಂದೇ ಎಂಜಿನ್ ನಿಂತರೂ ಇಂಥ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಸಾವಿರ ಅಡಿ ಮೇಲಿದ್ದರೆ ಎರಡು ಕಿ.ಮೀ.ಗೂ ಹೆಚ್ಚು ದೂರ ತೇಲಿಕೊಂಡು ಬರಬಲ್ಲದು. ಅಷ್ಟರೊಳಗೆ ಪೈಲಟ್ ಹುಡುಕುವುದು ಮನೆ, ಮರ, ಕರೆಂಟ್ ತಂತಿ ಇಲ್ಲದ ಬಯಲು. ಅಂದರೆ ನಮ್ಮ ಹೊಲ. ಬೆಳಗಾವಿ, ಕಲಬುರಗಿಗೆ ತರಬೇತಿ ಕೇಂದ್ರ ತಂದಾಗ ಉದ್ಯೋಗದ ಮಾತು, ಅಭಿವೃದ್ಧಿಯ ಮಾತು ಧಾರಾಳವಾಗಿ ಕೇಳಿದೆವು. ಸುತ್ತಲಿನ ಹೊಲಗಳೇ ತುರ್ತು ರನ್‌ವೇ ಆಗುತ್ತವೆ ಅಂತ ಗ್ರಾಮಸಭೆಯಲ್ಲಿ ಯಾರಾದರೂ ಹೇಳಿದ್ದಾರಾ?

ಹೇಳಬೇಕಾದ್ದು ತುಂಬಾ ಇದೆ. ವಿಮಾನ ಇಳಿದರೆ ಗಾಯಾಳುಗಳನ್ನು ಹೊರತೆಗೆಯಬಹುದು, ಮಿಕ್ಕ ಯಾವ ತುಂಡನ್ನೂ ಅಲುಗಿಸಬಾರದು. ಅದು ತನಿಖೆಯ ಸಾಕ್ಷಿ, ನಿಯಮವೂ ಹಾಗೇ ಇದೆ. ಪೆಟ್ರೋಲು ಸೋರುತ್ತಿರಬಹುದು, ಬೀಡಿ ಹಚ್ಚಬಾರದು. 112ಕ್ಕೆ ಫೋನ್ ಮಾಡಬೇಕು. ರೆಕ್ಕೆಯ ಮೇಲೆ ಕೂತು ಸೆಲ್ಫಿ ತೆಗೆಯುವ ಹುಡುಗರಿಗೆ ಬೈಯುವುದು ಸುಲಭ, ಮೊದಲೇ ತಿಳಿಸಿ ಹೇಳುವವರು ಬೇಕಲ್ಲ!

ನಾವು ಕೇಳುವುದು ಇಷ್ಟು: ಪ್ರತಿ ತನಿಖಾ ವರದಿಯ ಸಾರಾಂಶ ಕನ್ನಡದಲ್ಲಿ, ಎರಡೇ ಪುಟ ಸಾಕು, ಆ ಊರಿನ ಪಂಚಾಯ್ತಿ ನೋಟಿಸ್ ಬೋರ್ಡಿಗೆ ಬರಲಿ. ಬೆಳೆ ಹಾಳಾದರೆ ಪರಿಹಾರ ಯಾರು ಕೊಡುತ್ತಾರೆ, ಎಷ್ಟು ದಿನದಲ್ಲಿ ಅನ್ನುವುದೂ ಅದರಲ್ಲಿರಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಠರಾವು ಮಾಡಿಸಿ, ಪ್ರತಿಯನ್ನು ಜಿಲ್ಲಾಧಿಕಾರಿಗೂ ನಿಮ್ಮ ಸಂಸದರಿಗೂ ಕಳಿಸಿ.