ಗಾಜಿನ ಪೆಟ್ಟಿಗೆಯ ಮೌನ

ಒಂದು ವಾದ್ಯವನ್ನು ಉಳಿಸುವುದೆಂದರೇನು? ಅದರ ಮರಕ್ಕೆ ಹುಳು ಹಿಡಿಯದಂತೆ ಕಾಪಾಡಿದರೆ ಸಾಕೆ? ಸಾಲದೆಂದು ನನ್ನ ಅಭಿಪ್ರಾಯ. ಇದಕ್ಕೆ ನಿದರ್ಶನವಾಗಿ ದೂರದ ಜರ್ಮನಿಯ ವಾದ್ಯವೊಂದರ ಕಥೆಯನ್ನು ವಾಚಕರ ಮುಂದಿಡುತ್ತೇನೆ.

ಅದರ ಹೆಸರು ‘ಓಬೋ ದಾ ಕಾಚಾ’. ಇಟಾಲಿಯನ್ ಭಾಷೆಯಲ್ಲಿ ‘ಬೇಟೆಯ ಓಬೋ’ ಎಂದರ್ಥ. ನಮ್ಮ ಓಲಗದಂತೆಯೇ ಎರಡು ಸೀಳುಗಳನ್ನು ಕೂಡಿಸಿ ಕಟ್ಟಿದ ನಾಲಗೆಯನ್ನು ತುಟಿಗಿಟ್ಟು ಊದುವ ವಾದ್ಯವಿದು. ಇದರ ಶ್ರುತಿ ಸಾಮಾನ್ಯ ಓಬೋಗಿಂತ ಪಂಚಮದಷ್ಟು ತಗ್ಗು. ಲೈಪ್‌ಜಿಗ್ ನಗರದ ಐಕೆನ್‌ಟಾಫ್ ಎಂಬ ಕುಶಲಕರ್ಮಿ ಇಂತಹ ವಾದ್ಯಗಳನ್ನು ಮಾಡುತ್ತಿದ್ದನು. ನೆಟ್ಟಗಿನ ಮರವನ್ನು ಕೊರೆದು, ಒಂದು ಬದಿಗೆ ಗರಗಸದಿಂದ ಸಾಲಾಗಿ ಗೀರಿ, ಹಬೆಯಲ್ಲಿ ಬಿಲ್ಲಿನಂತೆ ಬಾಗಿಸಿ, ಮೇಲೆ ತೊಗಲು ಹೊದಿಸಿ, ತುದಿಗೆ ಹಿತ್ತಾಳೆಯ ಅಗಲವಾದ ಬಾಯಿಯನ್ನು ಕೂಡಿಸುವುದು ಇದರ ರಚನಾಕ್ರಮ.

1723ರಲ್ಲಿ ಲೈಪ್‌ಜಿಗ್‌ಗೆ ಬಂದ ಮಹಾಸಂಗೀತಗಾರ ಬಾಖ್ ಈ ವಾದ್ಯವನ್ನು ಬಹುವಾಗಿ ಮೆಚ್ಚಿದನು. ‘ಸಂತ ಮತ್ತಾಯನ ಪ್ಯಾಶನ್’ ಕೃತಿಯ ಒಂದು ಗೀತದಲ್ಲಿ ಉಚ್ಚಸ್ಥಾಯಿಯ ಒಂದು ಕಂಠ, ಒಂದು ಕೊಳಲು, ಎರಡು ಬೇಟೆಯ ಓಬೋಗಳು, ಇಷ್ಟೇ ಇರುವುದು. ಎಂದಿನಂತೆ ಕೆಳಗಿನಿಂದ ಆಧಾರ ಕೊಡುವ ಮಂದ್ರವಾದ್ಯಗಳು ಅಲ್ಲಿಲ್ಲ. ಕ್ರಿಸ್ತನು ಪ್ರೇಮಕ್ಕಾಗಿಯೇ ಸಾಯುವನೆಂಬ ಭಾವಕ್ಕೆ ಈ ನಿರಾಧಾರತೆಯೇ ಜೀವಾಳ.

ಕಾಲಕ್ರಮದಲ್ಲಿ ಈ ವಾದ್ಯ ಬಳಕೆ ತಪ್ಪಿತು. 1829ರಲ್ಲಿ ಬರ್ಲಿನ್‌ನಲ್ಲಿ ಮೆಂಡೆಲ್ಸನ್ ಆ ಕೃತಿಯನ್ನು ಪುನಃ ಹಾಡಿಸಿದಾಗ ಕ್ಲಾರಿನೆಟ್ ಜಾತಿಯ ವಾದ್ಯಗಳು ಅದರ ಸ್ಥಾನದಲ್ಲಿ ನಿಂತವು. ಮುಂದೆ ‘ಕೋರ್ ಆಂಗ್ಲೆ’ ಎಂಬುದು ಆ ಕೆಲಸ ಮಾಡಿತು. ‘ಸ್ವರಗಳು ಅವೇ ತಾನೆ? ವಾದ್ಯ ಯಾವುದಾದರೇನು?’ ಎಂದು ಕೆಲವರು ಕೇಳಬಹುದು. ಸ್ವರ ಅದೇ, ನಿಜ, ನಾದ ಅದಲ್ಲ. ತಾಯಿಯ ಜೋಗುಳವನ್ನು ಬೇರೆಯವರು ಹಾಡಿದರೂ ಧಾಟಿ ಅದೇ ಇದ್ದೀತು. ಮಗುವಿಗೆ ವ್ಯತ್ಯಾಸ ತಿಳಿಯದೆ?

ಐಕೆನ್‌ಟಾಫ್‌ನು 1724ರಲ್ಲಿ ಮಾಡಿದ ವಾದ್ಯಗಳು ಸ್ಟಾಕ್‌ಹೋಮ್ ಮತ್ತು ಕೋಪನ್‌ಹೇಗನ್ ನಗರಗಳ ವಸ್ತುಸಂಗ್ರಹಾಲಯಗಳಲ್ಲಿ ಉಳಿದುಬಂದವು. 1970ರ ದಶಕದಲ್ಲಿ ಅವುಗಳನ್ನು ಅಳೆದು, ಅದೇ ಮಾದರಿಯಲ್ಲಿ ಹೊಸವನ್ನು ಮಾಡಿ ನುಡಿಸತೊಡಗಿದರು. ಸಂಗ್ರಹಾಲಯಗಳ ಉಪಕಾರ ದೊಡ್ಡದು. ಆದರೆ ಅವು ಕಾಯ್ದುದು ದೇಹವನ್ನು ಮಾತ್ರ. ಹೇಗೆ ಊದಬೇಕೆಂದು ಕೇಳೋಣವೆಂದರೆ ಬಾಖ್‌ನ ಕಾಲದ ಒಬ್ಬ ವಾದಕನೂ ಬದುಕಿರಲಿಲ್ಲ! ಮರವನ್ನೇ ಗುರುವಾಗಿ ಮಾಡಿಕೊಳ್ಳಬೇಕಾಯಿತು.

ನಮ್ಮ ಮೂಡಲಪಾಯದ ಮುಖವೀಣೆಯೂ ಇದೇ ಜಾತಿಯ ವಾದ್ಯ. ಅದು ಈಗ ಅಪರೂಪವಾಗಿದೆ. ಆದರೆ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಜರ್ಮನರಿಗಿಲ್ಲದ ಈ ಭಾಗ್ಯ ನಮಗಿದೆ, ಎಷ್ಟು ದಿನವೋ ತಿಳಿಯದು. ಮುಂದಿನ ವಾರ್ಷಿಕೋತ್ಸವಕ್ಕೆ ಅಂತಹ ಒಬ್ಬ ಹಿರಿಯರನ್ನು ಕರೆಯಿಸಿ, ಅವರ ವಾದನವನ್ನು ಕೇಳಿ, ನಮ್ಮಲ್ಲಿ ಇಬ್ಬರಾದರೂ ಅವರ ಬಳಿ ಕಲಿಯಲು ಕೂರಬಾರದೇಕೆ? ಅಧ್ಯಾಪಕ ಮಹಾಶಯರು ಇದನ್ನು ಪರಿಶೀಲಿಸಬೇಕೆಂದು ಪ್ರಾರ್ಥಿಸುತ್ತೇನೆ. ಗಾಜಿನ ಪೆಟ್ಟಿಗೆಗೆ ಆತುರವೇನಿಲ್ಲ, ಉಸಿರಿಗಿದೆ.