ಗೌಂಡಿಯ ಅರ್ಜಿಗೆ ಸಹಿ ಹಾಕುವವರು ಯಾರು?

ಕಲಬುರಗಿಯ ಗೌಂಡಿಯೊಬ್ಬ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಬೇಕೆಂದರೆ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿದ್ದಕ್ಕೆ ಪ್ರಮಾಣಪತ್ರ ಕೊಡಬೇಕು. ಅವನೋ ಈ ವಾರ ಸೇಡಂ ರಸ್ತೆಯ ಮನೆಯೊಂದಕ್ಕೆ ಪ್ಲಾಸ್ಟರ್ ಮಾಡಿದರೆ ಮರುವಾರ ಆಳಂದ ರಸ್ತೆಯಲ್ಲಿ ಇಟ್ಟಿಗೆ ಕಟ್ಟುತ್ತಿರುತ್ತಾನೆ. ಮನೆ ಮಾಲೀಕ ‘ಮೇಸ್ತ್ರಿಗೆ ಕೇಳು’ ಎನ್ನುತ್ತಾನೆ, ಮೇಸ್ತ್ರಿ ಗುತ್ತಿಗೆದಾರನ ಕಡೆ ಕೈ ತೋರಿಸುತ್ತಾನೆ, ಗುತ್ತಿಗೆದಾರ ಫೋನ್ ಎತ್ತುವುದಿಲ್ಲ. ಅರ್ಜಿ ಜೇಬಿನಲ್ಲೇ ಮುದುಡುತ್ತದೆ.

ಇಂಥ ಪ್ರಮಾಣಪತ್ರವನ್ನು ನೋಂದಾಯಿತ ಕಾರ್ಮಿಕ ಸಂಘವೂ ಕೊಡಬಹುದೆಂದು ನಿಯಮದಲ್ಲೇ ಅವಕಾಶವಿದೆ. ಸಂಘದಿಂದ ಏನು ಲಾಭ ಎಂದು ಕೇಳುವವರಿಗೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. 1996ರ ಕಾಯ್ದೆಯಿಂದ ಶುರುವಾದ ಪದ್ಧತಿಯಂತೆ ದೊಡ್ಡ ಕಟ್ಟಡಗಳ ವೆಚ್ಚದ ಮೇಲೆ ಸೆಸ್ ವಸೂಲಿಯಾಗಿ ಮಂಡಳಿಗೆ ಸೇರುತ್ತದೆ. ಮಕ್ಕಳ ಓದು, ಹೆರಿಗೆ, ಅಪಘಾತ, ಅರವತ್ತರ ನಂತರದ ಪಿಂಚಣಿ ಎಲ್ಲಕ್ಕೂ ಅದರಲ್ಲಿ ಪಾಲಿದೆ. ಹಣ ದುಡಿದವರದ್ದೇ, ಆದರೆ ಒಂಟಿಯಾಗಿ ಅಲೆಯುವವರ ಕೈಗೆ ಅದು ಸುಲಭಕ್ಕೆ ಸಿಗುವುದಿಲ್ಲ.

ಇದೇ ಜಿಲ್ಲೆಯ ಕಮಲಾಪುರದ ಕಷ್ಟ ಇನ್ನೂ ಒಂದು ಹೆಜ್ಜೆ ಮುಂದಿದೆ. ಕೆಂಪು ಬಾಳೆಗೆ ಹೆಸರಾದ ಈ ತಾಲ್ಲೂಕಿನ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವವರು ದುಡಿಯುವುದು ಒಂದು ರಾಜ್ಯದಲ್ಲಿ, ರೇಷನ್ ಕಾರ್ಡ್ ಇರುವುದು ಇನ್ನೊಂದರಲ್ಲಿ. ಅಲ್ಲಿ ಪಗಾರ ಹಿಡಿದುಕೊಂಡರೆ, ಸಾರವೆಯಿಂದ ಬಿದ್ದು ಕಾಲು ಮುರಿದರೆ, ಇಲ್ಲಿಂದ ಮಾತಾಡಲು ಯಾರಾದರೂ ಬೇಡವೇ?

ಕಲಬುರಗಿಗೆ ಸಂಘ ಹೊಸದಲ್ಲ. ನಿಜಾಮರ ಕಾಲದ ಎಂಎಸ್‌ಕೆ ಮಿಲ್‌ ಈ ಊರಿಗೆ ಕಾರ್ಮಿಕ ಚಳವಳಿಯ ಪಾಠ ಕಲಿಸಿತು. ಮಲ್ಲಿಕಾರ್ಜುನ ಖರ್ಗೆ 1969ರಲ್ಲಿ ಆ ಮಿಲ್ ನೌಕರರ ಸಂಘಕ್ಕೆ ಕಾನೂನು ಸಲಹೆಗಾರರಾಗಿದ್ದರು. ಮುಂದೆ ಕೇಂದ್ರದ ಕಾರ್ಮಿಕ ಸಚಿವರೂ ಆದರು. ಮಿಲ್ ಮುಚ್ಚಿ ವರ್ಷಗಳೇ ಕಳೆದಿವೆ. ಇವತ್ತಿನ ದುಡಿಮೆ ಇರುವುದು ದಾಲ್ ಮಿಲ್ಲುಗಳಲ್ಲಿ, ಗಂಜಿನ ಹಮಾಲರ ಬೆನ್ನ ಮೇಲೆ, ಅಂಗನವಾಡಿಗಳಲ್ಲಿ, ಬೆಳಗಿನ ಜಾವ ಗುಡಿಸುವ ಬೀದಿಗಳಲ್ಲಿ. ಒಂದೇ ಗೇಟಿನಲ್ಲಿ ಸಾವಿರ ಜನ ಸೇರುವ ಕಾಲ ಹೋಗಿದೆ. ಚದುರಿದವರಿಗೇ ಸಂಘದ ಅಗತ್ಯ ಹೆಚ್ಚು.

ಚದುರಿದವರು ಒಟ್ಟಾದಾಗ ಏನಾಗುತ್ತದೆ ಎಂಬುದನ್ನು ರಾಜ್ಯವೇ ನೋಡಿದೆ. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದರು. ಕೆಲವೇ ತಿಂಗಳಲ್ಲಿ 11,133 ಮಂದಿಯನ್ನು ಕಾಯಂ ಮಾಡಲು ಸಚಿವ ಸಂಪುಟ ಒಪ್ಪಿತು. ಅಂಗನವಾಡಿ ನೌಕರರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಹೇಳಿತು. ತೀರ್ಪು ಬಂದ ಮಾತ್ರಕ್ಕೆ ಹಣ ಬರಲಿಲ್ಲ. 2023ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಧರಣಿ ಕೂತ ಮೇಲೆಯೇ ಸರ್ಕಾರ ಮಣಿದದ್ದು. ಬದುಕಿಡೀ ‘ಗೌರವಧನ’ ಪಡೆದ ಹೆಣ್ಣುಮಕ್ಕಳಿಗೆ ಅದು ನಿವೃತ್ತಿಯ ದಿನ ಕೈಗೆ ಬರುವ ಗಂಟು.

ಸಂಘವೆಂದರೆ ಚಂದಾ ವಸೂಲಿ, ಪುಢಾರಿಗಳ ಮೆಟ್ಟಿಲು ಎಂಬ ದೂರು ಪೂರ್ತಿ ಸುಳ್ಳಲ್ಲ. ಕಟ್ಟಡ ಕಾರ್ಮಿಕರ ಹೆಸರಿನಲ್ಲಿ ಬೋಗಸ್ ಕಾರ್ಡುಗಳು ರಾಶಿ ಬಿದ್ದದ್ದೂ ನಿಜ. ಕರಣೆ ಹಿಡಿದು ಗೊತ್ತಿಲ್ಲದವನಿಗೆ 90 ದಿನದ ಪತ್ರ ಬರೆದುಕೊಡುವ ಸಂಘ, ತನ್ನ ಸದಸ್ಯರ ಅನ್ನಕ್ಕೇ ಕೈ ಹಾಕಿದಂತೆ. ಇದಕ್ಕೆ ಮದ್ದು ಸಂಘ ಬಿಟ್ಟು ದೂರ ಕೂರುವುದಲ್ಲ. ಒಳಗೆ ಹೋಗಿ ಲೆಕ್ಕ ಕೇಳುವುದು. ನೋಂದಾಯಿತ ಸಂಘ ವರ್ಷಕ್ಕೊಮ್ಮೆ ಲೆಕ್ಕಪತ್ರ ಒಪ್ಪಿಸಲೇಬೇಕು. ಆ ಪುಸ್ತಕ ತೆರೆದು ನೋಡುವ ಹಕ್ಕು ಚಂದಾ ಕೊಟ್ಟ ಪ್ರತಿಯೊಬ್ಬರಿಗೂ ಇದೆ.

ಕಲಬುರಗಿಯ ಸಂಘಗಳು ಈಗ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಗುಳೆ ಹೋದವರು ಹಬ್ಬಕ್ಕೆ ಊರಿಗೆ ಮರಳುವ ದಿನಗಳಲ್ಲಿ ಕಮಲಾಪುರದ ತಾಂಡಾಗಳಲ್ಲೇ ನೋಂದಣಿ ಶಿಬಿರ ನಡೆಸಲಿ, ಕಾರ್ಮಿಕ ಇಲಾಖೆಯವರನ್ನೂ ಅಲ್ಲಿಗೆ ಕರೆತರಲಿ. ಪದಾಧಿಕಾರಿಗಳ ಪಟ್ಟಿಯಲ್ಲಿ ಗಾರೆ ಹೊರುವ ಹೆಣ್ಣುಮಕ್ಕಳ ಹೆಸರಿರಲಿ. ಗುತ್ತಿಗೆದಾರನ ಹೆಸರು, ಫೋನ್ ನಂಬರು, ಕೆಲಸದ ಜಾಗ ಬರೆದಿಟ್ಟುಕೊಂಡೇ ಜನರನ್ನು ಬಸ್ ಹತ್ತಿಸಲಿ.