ನೀರಿಗೆ ನೂಕಿದ ಮಾತ್ರಕ್ಕೆ ಈಜು ಬಾರದು

ಮೊನ್ನೆ ಊರಿನಿಂದ ದೂರವಾಣಿ ಮಾಡಿದ್ದ ಬಂಧುವೊಬ್ಬರು, “ಮೊಮ್ಮಗನ ಮಣಿಕಟ್ಟು ಮುರಿದಿತ್ತಂತಲ್ಲ, ಭಾವ! ಆ ಸ್ಕೇಟ್‌ಬೋರ್ಡಿನ ಹುಚ್ಚು ಬಿಡಿಸಿ, ಕೂರಿಸಿ ಓದಿಸಬಾರದೆ?” ಎಂದರು. ತಪ್ಪು ಹಲಗೆಯದಲ್ಲ, ಹುಡುಗನದೂ ಅಲ್ಲ, ನನ್ನದು. ಅದನ್ನು ಬರೆದು ಒಪ್ಪಿಕೊಳ್ಳುವುದೇ ಲೇಸು.

ನಾನೀಗ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಮಗನ ಮನೆಯಲ್ಲಿದ್ದೇನೆ. ಇಲ್ಲಿಯ ಬರ್ನ್‌ಸೈಡ್ ಸೇತುವೆಯ ಕೆಳಗೊಂದು ಪ್ರಸಿದ್ಧ ಸ್ಕೇಟ್‌ಪಾರ್ಕ್ ಇದೆ. 1990ರಲ್ಲಿ ಯುವಕರು ಯಾರ ಅಪ್ಪಣೆಯನ್ನೂ ಕೇಳದೆ ತಾವೇ ಕಾಂಕ್ರೀಟ್ ಕಲಸಿ ಕಟ್ಟಲು ತೊಡಗಿದ್ದು. ನಗರಾಡಳಿತ ಒಪ್ಪಿದ್ದು ಆಮೇಲೆ. ಈ ಕಥೆಗೆ ಮನಸೋತು, ಕಲಿಯತೊಡಗಿ ಮೂರೇ ತಿಂಗಳಾಗಿದ್ದ ಹುಡುಗನನ್ನು ಅಲ್ಲಿಗೆ ಕರೆದೊಯ್ದೆ. ಕಡಿದಾದ ಗೋಡೆಗಳನ್ನು ಕಂಡು ಅವನು ಹಿಂಜರಿದ. “ನೀರಿಗಿಳಿಯದೆ ಈಜು ಬರುತ್ತದೆಯೇ? ಇಳಿ” ಎಂದೆ. ಇಳಿದ, ಬಿದ್ದ. ಮಣಿಕಟ್ಟಿಗೆ ಕವಚವೂ ಇರಲಿಲ್ಲ.

‘ಆಟದ ಮೈದಾನ ಯಾವುದಾದರೇನು, ಧೈರ್ಯವಿದ್ದವನು ಕಲಿಯುತ್ತಾನೆ’ ಎಂಬ ವಾದವನ್ನು ಅಂದಿನಿಂದ ನಾನು ವಿರೋಧಿಸುತ್ತೇನೆ. ಒಂದನೆಯ ತರಗತಿಯ ಮಗುವನ್ನು ಯಾರಾದರೂ ವಿಶ್ವವಿದ್ಯಾಲಯಕ್ಕೆ ಸೇರಿಸುತ್ತಾರೆಯೇ?

ಈ ನಗರದವರು 2000ದ ದಶಕದಲ್ಲಿಯೇ ಇದನ್ನು ಮನಗಂಡು, 19 ಸ್ಕೇಟ್‌ಪಾರ್ಕುಗಳ ಯೋಜನೆ ಮಾಡಿದರು: ಬಡಾವಣೆಗಳ ಮಟ್ಟದ ಚಿಕ್ಕ ತಾಣ, ಅದಕ್ಕಿಂತ ದೊಡ್ಡದು, ಎಲ್ಲಕ್ಕೂ ಮಿಗಿಲಾದ ಒಂದು. ಅಷ್ಟನ್ನೂ ಕಟ್ಟಿ ಮುಗಿಸಿಲ್ಲವೆಂಬುದು ಬೇರೆ ಮಾತು. ಮೆಟ್ಟಿಲು ಬೇಕೆಂದು ಯೋಚಿಸಿದರಲ್ಲ! ಹಾಲಿ ಫಾರ್ಮ್‌ನದು ಚಿಕ್ಕ ತಾಣ. ಎಡ್ ಬೆನೆಡಿಕ್ಟ್ ಪಾರ್ಕಿನಲ್ಲಿ ಬೀದಿಯ ಮಾದರಿಯ ಮೆಟ್ಟಿಲು, ಕಟ್ಟೆ, ಕಂಬಿಗಳಿವೆ. ಪಿಯರ್ ಪಾರ್ಕಿನಲ್ಲಿ ಆಳವಾದ ಬಟ್ಟಲುಗಳು, ಒಳಗೇ ಸುತ್ತಬಹುದಾದ ಕಾಂಕ್ರೀಟ್ ಕೊಳವೆ ಇವೆ.

ಹೊಸಬನಿಗೆ ಬೇಕಾದುದು ಇಷ್ಟೇ: ನುಣುಪಾದ ಸಮತಟ್ಟು ನೆಲ, ಸಣ್ಣ ಇಳಿಜಾರು, ಬಿದ್ದೆದ್ದು ಪಕ್ಕಕ್ಕೆ ಸರಿಯಲು ಜಾಗ. ಅವು ಕೈವಶವಾದ ಮೇಲೆ ಸೊಂಟದೆತ್ತರದ ಬಾಗುಗೋಡೆ. ಬಟ್ಟಲಿನ ಅಂಚಿನಿಂದ ಹಲಗೆಯನ್ನು ಒಮ್ಮೆಲೇ ಕೆಳಗಿಳಿಸುವ ವಿದ್ಯೆ ಕಡೆಯ ಪಾಠ. ಅಲ್ಲಿ ಭಯಗೊಂಡು ಮೈಯನ್ನು ಹಿಂದಕ್ಕೆ ವಾಲಿಸಿದವನ ಹಲಗೆ ಮುಂದಕ್ಕೆ ಹಾರುತ್ತದೆ, ಅವನು ಹಿಂದಕ್ಕೆ ಬೀಳುತ್ತಾನೆ. ಭಯವೇ ಬೀಳಿಸುವ ಕಡೆ, ಭಯಪಟ್ಟವನನ್ನು ನೂಕಿದ ಜಾಣ ನಾನು!

“ಟೋಕಿಯೋ ಒಲಿಂಪಿಕ್ಸಿನಲ್ಲಿ 13 ವರ್ಷದ ಹುಡುಗಿ ಚಿನ್ನ ಗೆಲ್ಲಲಿಲ್ಲವೇ?” ಎಂದು ಕೆಲವರು ಕೇಳುತ್ತಾರೆ. ಗೆದ್ದಳು, 2021ರಲ್ಲಿ, ಜಪಾನಿನ ಮೊಮಿಜಿ ನಿಶಿಯಾ. ಆದರೆ ವಯಸ್ಸು ಬೇರೆ, ಮಟ್ಟ ಬೇರೆ. ಅವಳು ಗೆದ್ದದ್ದು ಬೀದಿ ಮಾದರಿಯ ಸ್ಪರ್ಧೆಯಲ್ಲಿ. ಬಟ್ಟಲಿನದು ಪ್ರತ್ಯೇಕ ಸ್ಪರ್ಧೆ. ಒಂದರಲ್ಲಿ ಪಂಡಿತನಾದವನು ಇನ್ನೊಂದರಲ್ಲಿ ಅಕ್ಷರಾಭ್ಯಾಸದಿಂದಲೇ ತೊಡಗಬೇಕಾಗಬಹುದು. ಗಣಿತದಲ್ಲಿ ಮುಂದಿದ್ದವನು ವ್ಯಾಕರಣದಲ್ಲಿ ತಡವರಿಸುತ್ತಿದ್ದುದನ್ನು ನಾವೆಲ್ಲ ಕಂಡಿಲ್ಲವೇ?

ನನ್ನ ಹಳೆಯ ವಿದ್ಯಾರ್ಥಿಗಳೇ, ಇಲ್ಲಿ ನಿಮಗೂ ಒಂದು ಮಾತು. ‘ಸರಳದಿಂದ ಸಂಕೀರ್ಣಕ್ಕೆ’ ಎಂಬ ಸೂತ್ರವನ್ನು ಬಿ.ಎಡ್. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದವನು ನಾನು. ತರಗತಿಯಲ್ಲಿ ಮಾತ್ರ, ಭಿನ್ನರಾಶಿಯೇ ಬಾರದ ಹುಡುಗರನ್ನು ಕಪ್ಪುಹಲಗೆಯ ಮುಂದೆ ನಿಲ್ಲಿಸಿ ಸಮೀಕರಣ ಬಿಡಿಸೆಂದು ಗದರುತ್ತಿದ್ದೆ. ಧೈರ್ಯ ಬರಲೆಂಬುದು ನನ್ನ ವಾದ. ಬಂದದ್ದು ಧೈರ್ಯವಲ್ಲ, ಗೈರುಹಾಜರಿ. ಅವರಲ್ಲೊಬ್ಬ ಹತ್ತನೆಯ ತರಗತಿಯನ್ನು ಕಾಣಲೇ ಇಲ್ಲ. ಅವನ ಮುರಿದ ಮೂಳೆಗೆ ಯಾವ ವೈದ್ಯನೂ ಪಟ್ಟಿ ಕಟ್ಟಲಿಲ್ಲ. ಅವನೆಲ್ಲಿದ್ದಾನೋ ಅರಿಯೆ, ಇದನ್ನೇನಾದರೂ ಓದಿದರೆ ನನ್ನನ್ನು ಕ್ಷಮಿಸಲಿ.

ನಮ್ಮ ಊರುಗಳಲ್ಲಿಯೂ ಮೈದಾನ ಕಟ್ಟುವವರು ಉದ್ಘಾಟನೆಯ ದಿನ ಛಾಯಾಚಿತ್ರಕ್ಕೆ ಒಪ್ಪುವ ಎತ್ತರದ ಗೋಡೆಯನ್ನಷ್ಟೇ ಕಟ್ಟದಿರಲಿ. ಮೊದಲು ಗೇಣೆತ್ತರದ ಇಳಿಜಾರು ಕಟ್ಟಲಿ. ಅಲ್ಲಿ ಕಲಿತ ಮಕ್ಕಳೇ ನಾಳೆ ಎತ್ತರದ ಗೋಡೆಯನ್ನು ಬೇಡುತ್ತಾರೆ.

ಮೊಮ್ಮಗನ ಪಟ್ಟಿ ಬಿಚ್ಚಿಯಾಯಿತು. ವೈದ್ಯರ ಒಪ್ಪಿಗೆ ಪಡೆದು, ಶಿರಸ್ತ್ರಾಣ, ಕವಚಗಳನ್ನು ತೊಟ್ಟು, ಬೆಳಗಿನ ಜನವಿರಳ ಹೊತ್ತಿನಲ್ಲಿ ಮತ್ತೆ ಹೊರಡುತ್ತಾನೆ. ಎಲ್ಲಿಗೆಂದು ಅವನೇ ಆರಿಸುತ್ತಾನೆ. ನಾನು ಬೆಂಚಿನ ಮೇಲೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಇಷ್ಟನ್ನು ಕಲಿಯಲು ಈ ಮೇಷ್ಟ್ರಿಗೆ ಅರವತ್ತೇಳು ವರ್ಷ ಬೇಕಾಯಿತು.